ಯಾರಿಗೆ ಹಠಾತ್ತು?

(ಬಳ್ಳಾರಿಯಲ್ಲಿ ವರದಿಗಾರಿಕೆ ಮತ್ತು ಅನುವಾದ ಕಲಿಯುತ್ತಿರುವವರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎರಡು ವಾಕ್ಯ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ‘ಅಧಿಕಾರಿಗಳು ಗೋದಾಮಿನ ಮೇಲೆ ದಿಢೀರನೆ ದಾಳಿ ಮಾಡಿದರು.’ ‘ಊಟಕ್ಕೆ ಕೂತಿದ್ದವನು ದಿಢೀರನೆ ಎದ್ದು ಹೋದ.’ ಎರಡರಲ್ಲೂ ಪದ ಒಂದೇ. ಈಗ ಹೇಳಿ, ಮೊದಲೇ ಯೋಚಿಸದೆ ಕೆಲಸಕ್ಕೆ ಕೈಹಾಕಿದವರು ಯಾರು? ಊಟ ಬಿಟ್ಟು ಎದ್ದವನ ಮನಸ್ಸಿನಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ. ದಾಳಿಗೆ ಬಂದವರಂತೂ ಮಾಹಿತಿ ತರಿಸಿಕೊಂಡು, ಜೀಪು ಹೊಂದಿಸಿ, ಸಾಕ್ಷಿಗೆ ಪಂಚರನ್ನು ಕರೆದುಕೊಂಡು, ದಿನ ಗೊತ್ತುಮಾಡಿಕೊಂಡೇ ಬಂದಿರುತ್ತಾರೆ. ದಿಢೀರ್ ಅನ್ನಿಸಿದ್ದು ಗೋದಾಮಿನ ಮಾಲೀಕನಿಗೆ.

ಇವತ್ತಿನ ಮಾತೆಲ್ಲ ಇದರ ಸುತ್ತಲೇ. ‘ಯೋಜನೆ ಇಲ್ಲದೆ, ಮನಸ್ಸಿಗೆ ಬಂದ ಗಳಿಗೆಯಲ್ಲಿ ಮಾಡಿದ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಇಂಪಲ್ಸಿವ್ಲಿ’, ‘ಸ್ಪಾಂಟೇನಿಯಸ್ಲಿ’ ಅಂತ ಪದಗಳಿವೆ. ನಿಘಂಟು ತೆರೆದರೆ ಅವುಗಳ ಮುಂದೆ ಹಠಾತ್ತನೆ, ದಿಢೀರನೆ, ಏಕಾಏಕಿ, ಇದ್ದಕ್ಕಿದ್ದಂತೆ, ಆಕಸ್ಮಿಕವಾಗಿ ಅಂತ ಸಾಲಾಗಿ ಸಿಗುತ್ತವೆ. ಸಾಲಿನಲ್ಲಿದ್ದ ಮಾತ್ರಕ್ಕೆ ಅವು ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ಒಂದೊಂದು ಪದವೂ ಏನೋ ಒಂದು ‘ಇಲ್ಲ’ ಅನ್ನುತ್ತದೆ. ಒಂದು ಮುನ್ಸೂಚನೆ ಇಲ್ಲ ಅನ್ನುತ್ತದೆ, ಒಂದು ಕಾರಣ ಇಲ್ಲ ಅನ್ನುತ್ತದೆ, ಒಂದು ವಿವೇಕ ಇಲ್ಲ, ಇನ್ನೊಂದು ಅಳತೆ ಇಲ್ಲ. ಬರೆಯುವ ಮೊದಲು ಎರಡು ಪ್ರಶ್ನೆ ಹಾಕಿಕೊಳ್ಳಿ. ಇಲ್ಲಿ ಇಲ್ಲದಿರುವುದು ಏನು? ಅದು ಯಾರಿಗೆ ಇಲ್ಲ?

ಪರೀಕ್ಷೆ ಸುಲಭ. ವಾಕ್ಯದ ಹಿಂದೆ ‘ಅದಕ್ಕಾಗಿ ತಿಂಗಳಿಂದ ತಯಾರಿ ನಡೆಸಿದ್ದರು’ ಅಂತ ಸೇರಿಸಿ ನೋಡಿ. ‘ಹಠಾತ್ತನೆ ಅಂಗಡಿ ಮುಚ್ಚಿದರು, ಅದಕ್ಕಾಗಿ ತಿಂಗಳಿಂದ ತಯಾರಿ ನಡೆಸಿದ್ದರು.’ ನಿಲ್ಲುತ್ತದೆ. ‘ಏಕಾಏಕಿ ಅಂಗಡಿ ಮುಚ್ಚಿದರು’, ಇದೂ ನಿಲ್ಲುತ್ತದೆ. ‘ಹಿಂದುಮುಂದು ನೋಡದೆ ಅಂಗಡಿ ಮುಚ್ಚಿದರು, ಅದಕ್ಕಾಗಿ ತಿಂಗಳಿಂದ ತಯಾರಿ ನಡೆಸಿದ್ದರು’ ಅಂದರೆ ವಾಕ್ಯ ಮುಗ್ಗರಿಸಿತು. ‘ದುಡುಕಿ’ ಹಾಕಿದರೂ ಮುಗ್ಗರಿಸುತ್ತದೆ. ಅಂದರೆ ಮೊದಲಿನವು ನೋಡುವವನ ಕಡೆಯ ಪದಗಳು, ಆಮೇಲಿನವು ಮಾಡುವವನ ತಲೆಯೊಳಗಿನ ಪದಗಳು. ನಮ್ಮ ವರದಿ, ಅನುವಾದಗಳಲ್ಲಿ ಆಗುವ ತಪ್ಪುಗಳ ಬಹುಪಾಲು ಈ ಗೆರೆ ದಾಟಿದ್ದರಿಂದಲೇ ಆಗುತ್ತವೆ.

ಪದಗಳ ಒಳಗೆ ಸ್ವಲ್ಪ ಇಳಿಯೋಣ. ‘ಹಠಾತ್’ ಸಂಸ್ಕೃತದ ‘ಹಠ’ದ ಪಂಚಮೀ ವಿಭಕ್ತಿ ರೂಪ. ಹಠದಿಂದ, ಬಲದಿಂದ ಅಂತ ಅಕ್ಷರಾರ್ಥ. ಎದುರಿಗಿದ್ದವನಿಗೆ ಅವಕಾಶ ಕೊಡದೆ ನುಗ್ಗಿದ್ದು ಎನ್ನುವ ಭಾವ ಅದರ ಬೇರಿನಲ್ಲೇ ಇದೆ. ‘ಅಕಸ್ಮಾತ್’ ಕೂಡ ಪಂಚಮಿಯೇ. ‘ಕಸ್ಮಾತ್’ ಅಂದರೆ ಯಾವುದರಿಂದ, ಯಾವ ಕಾರಣದಿಂದ. ಅದಕ್ಕೆ ‘ಅ’ ಸೇರಿದರೆ ಯಾವ ಕಾರಣದಿಂದಲೂ ಅಲ್ಲದೆ ಅಂತ. ಇನ್ನೊಂದು ‘ಸಹಸಾ’. ‘ಸಹಸ್’ ಅಂದರೂ ಬಲವೇ. ನಮ್ಮ ‘ಸಾಹಸ’ ಅದರಿಂದಲೇ ಬಂದದ್ದು. ಧರ್ಮಶಾಸ್ತ್ರಗಳು ವ್ಯಾಜ್ಯಗಳನ್ನು ವಿಂಗಡಿಸುವಾಗ ‘ಸಾಹಸ’ ಎಂದು ಕರೆದದ್ದು ಬಲಾತ್ಕಾರದ ಅಪರಾಧವನ್ನು. ಕನ್ನಡಕ್ಕೆ ಬಂದು ಅದು ಹೊಗಳಿಕೆಯ ಪದವಾಯಿತು, ಸಾಹಸ ಮಾಡಿದವನಿಗೆ ಪದಕವನ್ನೇ ಕೊಡುತ್ತೇವೆ.

ಈಗ ಬಾಲ ನೋಡಿ. ಹಠಾತ್ ತಾನೇ ಕ್ರಿಯಾವಿಶೇಷಣ, ಅದಕ್ಕೆ ಮತ್ತೇನೂ ಬೇಕಿರಲಿಲ್ಲ. ನಾವು ‘ನೆ’ ಹಚ್ಚಿ ‘ಹಠಾತ್ತನೆ’ ಮಾಡಿದೆವು. ತಟ್ಟನೆ, ರಪ್ಪನೆ, ಗಕ್ಕನೆ, ಧುತ್ತನೆ, ಇವುಗಳ ‘ನೆ’ ಬಂದದ್ದು ‘ಎನೆ’ ಎಂಬುದರಿಂದ. ತಟ್ ಎನ್ನುವಂತೆ, ರಪ್ ಎನ್ನುವಂತೆ. ಮನೆಯಲ್ಲಿ ಆಡುವಾಗ ‘ರಪ್ ಅಂತ ಹೊಡೆದ’, ‘ಧುತ್ ಅಂತ ಬಂದ’ ಅನ್ನುತ್ತೀರಲ್ಲ, ಆ ‘ಅಂತ’ ಅದೇ ‘ಎನೆ’ಯ ಕೆಲಸ ಮಾಡುತ್ತಿದೆ. ಇವೆಲ್ಲ ಸದ್ದಿನ ಪದಗಳು. ಸಂಸ್ಕೃತದ ಹಠಾತ್ ಕೂಡ ಕನ್ನಡದ ಕಿವಿಗೆ ಒಂದು ಸದ್ದಿನಂತೆ ಕೇಳಿಸಿರಬೇಕು, ಅದಕ್ಕೇ ಸದ್ದಿನ ಸಾಲಿಗೆ ಸೇರಿಸಿಕೊಂಡಿದ್ದೇವೆ. ಅಕಸ್ಮಾತ್‌ಗೆ ಆ ಭಾಗ್ಯ ಸಿಗಲಿಲ್ಲ. ಅದಕ್ಕೆ ‘ಆಗಿ’ ಹತ್ತಿತು, ‘ಅಕಸ್ಮಾತ್ತಾಗಿ’ ಆಯಿತು. ಕೇಶಿರಾಜ 13ನೇ ಶತಮಾನದಲ್ಲಿ ತನ್ನ ವ್ಯಾಕರಣಗ್ರಂಥ ಶಬ್ದಮಣಿದರ್ಪಣದ ಕೊನೆಯ ಪ್ರಕರಣವನ್ನು ಅವ್ಯಯಗಳಿಗೆ, ಅಂದರೆ ರೂಪ ಬದಲಾಗದ ಇಂಥ ಪದಗಳಿಗೆ ಮೀಸಲಿಟ್ಟ. ಶಾಲೆಯ ವ್ಯಾಕರಣದಲ್ಲಿ ಇವನ್ನು ಒಂದು ಪಟ್ಟಿ ಮಾಡಿ ಮುಗಿಸುತ್ತಾರೆ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

‘ದಿಢೀರ್’ ಬಗ್ಗೆ ಒಂದು ಮಾತು. ತಮಿಳಿನಲ್ಲಿಯೂ ‘ತಿಡೀರ್’ ಇದೆ. ನಮ್ಮಲ್ಲಿ ಅದು ಅಡುಗೆಮನೆಗೂ ಹೋಯಿತು. ದಿಢೀರ್ ರವೆ ದೋಸೆ, ದಿಢೀರ್ ಉಪ್ಪಿನಕಾಯಿ. ಅಲ್ಲಿ ಬಿಟ್ಟುಹೋದದ್ದು ಏನು? ನೆನೆಹಾಕುವ, ಹುದುಗು ಬರಿಸುವ ಕಾಯುವಿಕೆ. ರವೆ ಎಷ್ಟು, ಅಕ್ಕಿಹಿಟ್ಟು ಎಷ್ಟು ಅನ್ನುವ ಅಳತೆ ಬಿಟ್ಟುಹೋಗಿಲ್ಲ, ಬಿಟ್ಟರೆ ದೋಸೆ ಕಾವಲಿಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ದಿಢೀರ್ ಎನ್ನುವ ಪದ ಹೇಳುವುದು ಕಾಲದ ಅಂತರ ಇಲ್ಲ ಎಂದಷ್ಟೇ. ‘ದಿಢೀರ್ ನಿರ್ಧಾರ’ ಅಂತ ಬರೆದು ನೀವು ‘ವಿವೇಚನೆ ಇಲ್ಲದ ನಿರ್ಧಾರ’ ಎಂದು ಹೇಳಿದಂತೆ ಅಂದುಕೊಂಡರೆ, ಓದುವವನಿಗೆ ಅದು ತಲುಪಿರುವುದಿಲ್ಲ.

‘ಇದ್ದಕ್ಕಿದ್ದಂತೆ’ ನನಗೆ ಇವುಗಳಲ್ಲೆಲ್ಲ ಇಷ್ಟವಾದ ಪದ. ಬಿಡಿಸಿದರೆ ‘ಇದ್ದಕ್ಕೆ ಇದ್ದಂತೆ’. ಎಲ್ಲ ಇದ್ದ ಹಾಗೇ ಇದ್ದು, ಅದರ ನಡುವೆ ಒಂದು ಆಯಿತು. ಬಳ್ಳಾರಿಯವರಿಗೆ ತೆಲುಗು ಬೇರೆ ಹೇಳಿಕೊಡಬೇಕಿಲ್ಲ, ಅಲ್ಲಿ ‘ಉನ್ನಟ್ಟುಂಡಿ’ ಅನ್ನುತ್ತಾರೆ. ಉನ್ನಟ್ಟು, ಇದ್ದಂತೆ, ಉಂಡಿ, ಇದ್ದು. ಧಾತು ಬೇರೆ, ಕಟ್ಟಡ ಒಂದೇ. ಎರಡು ನುಡಿಗಳೂ ‘ಇರು’ ಎಂಬ ಅರ್ಥದ ಅತ್ಯಂತ ಶಾಂತ ಧಾತುವನ್ನೇ ಎರಡು ಸಲ ಬಳಸಿ ಗಾಬರಿಯ ಅರ್ಥ ಹೊರಡಿಸಿವೆ. ಈ ಪದಕ್ಕೆ ಕರ್ತೃ ಮನುಷ್ಯನೇ ಆಗಬೇಕಿಲ್ಲ. ಕರೆಂಟು ಇದ್ದಕ್ಕಿದ್ದಂತೆ ಹೋಗುತ್ತದೆ, ಗಾಳಿ ಇದ್ದಕ್ಕಿದ್ದಂತೆ ಬೀಸುತ್ತದೆ. ‘ಕರೆಂಟು ಹಿಂದುಮುಂದು ನೋಡದೆ ಹೋಯಿತು’ ಅಂದರೆ ನಗೆಪಾಟಲು.

ನಮ್ಮ ಸೀಮೆಯವರೆಲ್ಲ ಬಲ್ಲ ಒಂದು ಘಟನೆ ತೆಗೆದುಕೊಂಡರೆ ಇದು ಚೆನ್ನಾಗಿ ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಇದನ್ನು ಐದು ಬಗೆಯಲ್ಲಿ ಬರೆಯಬಹುದು, ಐದೂ ಬೇರೆ ಬೇರೆ ವರದಿ.

‘ಚೈನು ಇದ್ದಕ್ಕಿದ್ದಂತೆ ತುಂಡಾಯಿತು.’ ಸರಿ, ಯಾರ ಮೇಲೂ ಏನೂ ಹೊರಿಸಿಲ್ಲ. ‘ಆಕಸ್ಮಿಕವಾಗಿ ತುಂಡಾಯಿತು’ ಅಂದಿರೋ, ಕಾರಣವೇ ಇಲ್ಲ ಅಂದ ಹಾಗೆ. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ, ಏಳು ದಶಕ ನೀರಿನ ಭಾರ ಹೊತ್ತ ಗೇಟಿನ ಚೈನಿಗೆ ಕಾರಣವೇ ಇಲ್ಲ ಅಂತ ತೀರ್ಪು ಕೊಡಲು ವರದಿಗಾರ ಯಾರು? ‘ಗೇಟುಗಳನ್ನು ಹಠಾತ್ತನೆ ತೆರೆದರು’ ಅನ್ನುವುದು ನದಿದಂಡೆಯ ಊರಿನಲ್ಲಿ ನಿಂತು ಬರೆದ ವಾಕ್ಯ. ‘ಏಕಾಏಕಿ ನೀರು ಬಿಟ್ಟರು’ ಅಂದರೆ ದೂರು ಸೇರಿತು. ಮುಂಚೆ ತಿಳಿಸಲಿಲ್ಲ, ಡಂಗುರ ಸಾರಲಿಲ್ಲ ಅಂತ. ‘ಹಿಂದುಮುಂದು ಯೋಚಿಸದೆ ನೀರು ಬಿಟ್ಟರು’ ಅಂದರೆ ಎಂಜಿನಿಯರುಗಳ ತಲೆಯೊಳಗೆ ಹೊಕ್ಕು ಅಲ್ಲಿ ಯೋಚನೆ ಇರಲಿಲ್ಲ ಅಂತ ನೋಡಿ ಬಂದ ಹಾಗೆ. ಐದು ವಾಕ್ಯದಲ್ಲಿ ಈ ಐದನೆಯದಕ್ಕೆ ಬೇಕಾದ ಪುರಾವೆ ಬೇರೆ ಯಾವುದಕ್ಕೂ ಬೇಡ. ಅದನ್ನು ಬರೆಯುವ ಕೈಗೆ ಪುರಾವೆ ಇರಬೇಕು, ಇಲ್ಲವೇ ಯಾರ ಬಾಯಿಂದ ಬಂದ ಮಾತು ಅಂತ ಹೆಸರು ಹಾಕಬೇಕು.

‘ಏಕಾಏಕಿ’ ಅಂದೆನಲ್ಲ, ಅದು ಮರಾಠಿ, ಹಿಂದಿಯ ಕಡೆಯಿಂದ ಬಂದದ್ದು. ಅಲ್ಲಿ ಅದಕ್ಕೆ ಇರುವುದು ‘ಥಟ್ಟನೆ’ ಎಂಬ ಸರಳ ಅರ್ಥ. ಕನ್ನಡದಲ್ಲಿ ‘ಏಕ’ ಎಂಬುದು ಕಿವಿಗೆ ಬಿದ್ದು ‘ಏಕಪಕ್ಷೀಯ’ದ ನೆರಳು ಹತ್ತಿಕೊಂಡಿದೆ. ಅದಕ್ಕೇ ಒತ್ತುವರಿ ತೆರವು, ಬೀದಿಬದಿ ಅಂಗಡಿ ಎತ್ತಂಗಡಿ, ವರ್ಗಾವಣೆ ಸುದ್ದಿಗಳಲ್ಲಿ ಇದಕ್ಕೆ ಖಾಯಂ ಕುರ್ಚಿ. ಯಾರೂ ‘ಏಕಾಏಕಿ ಸಂಬಳ ಹೆಚ್ಚಿಸಿದರು’ ಅಂತ ಖುಷಿಯಾಗಿ ಹೇಳುವುದಿಲ್ಲ, ಗಮನಿಸಿ. ತೆರವಿಗೆ ಮೊದಲು ನೋಟಿಸು ಕೊಟ್ಟಿದ್ದರೆ ಈ ಪದ ಸುಳ್ಳಾಗುತ್ತದೆ. ನೋಟಿಸು ಕೊಟ್ಟ ತಾರೀಖು ಕೇಳಿ, ಆಮೇಲೆ ಪದ ಹಾಕಿ.

ಇನ್ನು ಮಾಡುವವನ ತಲೆಯೊಳಗಿನ ಪದಗಳು. ಇಲ್ಲಿ ‘ದುಡುಕಿ’ ಸದಾ ಬೈಗುಳದ ಕಡೆಯದು. ದುಡುಕಿ ಒಳ್ಳೆಯದು ಮಾಡಿದ ಅಂತ ಇಲ್ಲವೇ ಇಲ್ಲ. ‘ಹಿಂದುಮುಂದು ನೋಡದೆ’ ಹಾಗಲ್ಲ, ಎರಡೂ ಕಡೆ ತೂಗುತ್ತದೆ. ‘ಹಿಂದುಮುಂದು ನೋಡದೆ ಕಾಲುವೆಗೆ ಹಾರಿ ಮಗುವನ್ನು ಎಳೆದು ತಂದ’ ಅಂದರೆ ಹೊಗಳಿಕೆ. ‘ಹಿಂದುಮುಂದು ನೋಡದೆ ಸಾಲದ ಪತ್ರಕ್ಕೆ ಸಹಿ ಹಾಕಿದ’ ಅಂದರೆ ಮರುಕ ಬೆರೆತ ಬೈಗುಳ. ತನ್ನ ಲಾಭನಷ್ಟ ನೋಡದಿದ್ದರೆ ಧೈರ್ಯ, ತನ್ನ ಹಿತವನ್ನೇ ನೋಡದಿದ್ದರೆ ದಡ್ಡತನ. ಒಂದೇ ಅವ್ಯಯ, ಕ್ರಿಯಾಪದ ಬದಲಾದರೆ ಬಣ್ಣ ಬದಲು. ಕಾಲುವೆಗೆ ಹಾರಿದವನ ಬಗ್ಗೆ ‘ದುಡುಕಿ ಹಾರಿದ’ ಅಂತ ಯಾರೋ ಅನುವಾದಿಸಿದರೆ ಪಾಪ ಅವನ ಪುಣ್ಯವೆಲ್ಲ ನೀರುಪಾಲು.

ಇಲ್ಲೊಂದು ಗುಂಡಿ ಇದೆ, ನಮ್ಮ ಸೀಮೆಯವರೇ ಹೆಚ್ಚು ಬೀಳುವ ಗುಂಡಿ. ರಾಯಚೂರು, ಕೊಪ್ಪಳದ ಮಾತಿನಲ್ಲಿ ‘ಹಿಂದಮುಂದ ನೋಡಲಾರ್ದ ಹೊಂಟ್ಬಿಟ್ಟ’, ‘ಹೇಳಲಾರ್ದ ಬಂದಾನ’ ಅಂತೀವಿ. ಇಲ್ಲಿ ‘ಲಾರ್ದ’ ಅಂದರೆ ‘ದೆ’, ನೋಡದೆ, ಹೇಳದೆ. ಇದನ್ನೇ ಬರಹಕ್ಕೆ ತಂದು ‘ನೋಡಲಾರದೆ’ ಅಂತ ತಿದ್ದಿಬಿಟ್ಟರೆ ಗ್ರಾಂಥಿಕ ಕನ್ನಡದಲ್ಲಿ ಅದು ‘ನೋಡಲು ಆಗದೆ’. ‘ಅವಳ ಕಷ್ಟ ನೋಡಲಾರದೆ ಎದ್ದು ಹೋದ’ ಅಂದರೆ ಕರುಳು ತಡೆಯದೆ ಎದ್ದು ಹೋದ ಅಂತ. ಆಡುವವನು ಅಂದದ್ದು ಅವಳ ಕಡೆ ತಿರುಗಿಯೂ ನೋಡದೆ ಹೋದ ಅಂತ. ಕಟುಕನೊಬ್ಬ ನಿಮ್ಮ ಕೈಯಲ್ಲಿ ಕರುಣಾಮಯಿ ಆಗಿಹೋದ. ಪೊಲೀಸ್ ಹೇಳಿಕೆ, ಸಂದರ್ಶನ ಬರೆದುಕೊಳ್ಳುವಾಗ ಇದನ್ನು ನೆನಪಿಡಿ. ‘ಲಾರ್ದ’ ಇದ್ದಲ್ಲಿ ಹಾಗೇ ಆಡುಮಾತಿನಲ್ಲಿ ಬಿಡಿ, ಇಲ್ಲವೇ ‘ದೆ’ ಮಾಡಿ. ನಡುವೆ ನಿಲ್ಲಬೇಡಿ.

ಕನ್ನಡಕ್ಕೆ ಇನ್ನೊಂದು ಜಾಣತನ ಇದೆ. ಯೋಜನೆ ಇಲ್ಲದ್ದನ್ನು ಅದು ಮೈಯ ಅಂಗಾಂಗಗಳಿಗೆ ಹಂಚುತ್ತದೆ. ಮನಸ್ಸಿಗೆ ಬಂದಂತೆ, ಬಾಯಿಗೆ ಬಂದಂತೆ, ಕೈಗೆ ಸಿಕ್ಕಂತೆ, ಕಾಲು ಎಳೆದತ್ತ. ತಲೆ ಯಜಮಾನಿಕೆ ಬಿಟ್ಟಿದೆ, ಈಗ ಯಾವ ಅಂಗ ಆಳುತ್ತಿದೆ ಅಂತ ಹೇಳುವುದು. ಆದರೆ ಒಂದೊಂದಕ್ಕೂ ಲೋಕರೂಢಿಯಲ್ಲಿ ಒಂದೊಂದು ಅರ್ಥ ಗಟ್ಟಿಯಾಗಿದೆ. ಕಾಲು ಎಳೆದತ್ತ ಹೋದರೆ ಅಲೆದಾಟ, ಅಷ್ಟೇನೂ ತಪ್ಪಲ್ಲ. ಬಾಯಿಗೆ ಬಂದಂತೆ ಅಂದರೆ ಮುಗಿಯಿತು, ಬೈದದ್ದೇ. ‘ಮುಖ್ಯ ಅತಿಥಿಗಳು ಟಿಪ್ಪಣಿ ಇಲ್ಲದೆ ಬಾಯಿಗೆ ಬಂದಂತೆ ಮಾತಾಡಿದರು’ ಅಂತ ಬರೆದು ನೋಡಿ, ಮರುದಿನ ಫೋನು ಬರುತ್ತದೆ.

ಅಲ್ಲಿ ಬೇಕಾದದ್ದು ‘ಆಶು’. ಸಂಸ್ಕೃತದಲ್ಲಿ ಆಶು ಅಂದರೆ ಬೇಗ. ಆಶುಕವಿತೆ, ಆಶುಭಾಷಣ. ಸಿದ್ಧತೆ ಇಲ್ಲ ಅನ್ನುವುದು ಇಲ್ಲಿ ಕುಂದಲ್ಲ, ಅದೇ ಹಿರಿಮೆ. ಕಾಲೇಜುಗಳ ಆಶುಭಾಷಣ ಸ್ಪರ್ಧೆಯಲ್ಲಿ ಚೀಟಿ ಎತ್ತಿ, ಎರಡು ಮೂರು ನಿಮಿಷದಲ್ಲಿ ಮಾತಾಡಬೇಕು. ಅಲ್ಲಿ ಗೆಲ್ಲುವವರನ್ನು ಗಮನಿಸಿ, ವಿಷಯ ಮಾತ್ರ ಹೊಸತು, ಶುರು ಹೇಗೆ, ತಿರುವು ಎಲ್ಲಿ ಅನ್ನುವ ಚೌಕಟ್ಟು ನೂರು ಸಲ ಸವೆದಿರುತ್ತದೆ. ನಮ್ಮ ಬಯಲಾಟದಲ್ಲಿ ಪಾತ್ರಗಳನ್ನು ಮಾತಾಡಿಸುವ ಸಾರಥಿಯೂ ಹಾಗೆಯೇ. ಪದ್ಯಗಳು ಕಟ್ಟಿಟ್ಟವು. ರಂಗಕ್ಕೆ ಬಂದ ರಾಜನನ್ನು ‘ನೀವು ಯಾರು, ನಿಮ್ಮ ನಾಮಾಂಕಿತ ಏನು’ ಅಂತ ಕೆಣಕುವ ಕ್ರಮವೂ ಕಟ್ಟಿಟ್ಟದ್ದೇ. ಅದರ ನಡುವೆ ಎದುರಿಗೆ ಕೂತ ಗೌಡರ ರುಮಾಲಿನ ಮೇಲೆ ಒಂದು ಮಾತು ಎಸೆದು ನಗಿಸುತ್ತಾನಲ್ಲ, ಅದು ಆಶು. ಅದನ್ನು ‘ದುಡುಕಿ ಆಡಿದ’ ಅನ್ನಲಾಗದು, ‘ಹಠಾತ್ತನೆ ಆಡಿದ’ ಅಂದರೂ ಸಪ್ಪೆ. ‘ಥಟ್ಟನೆ ಅಂದ’ ಅಂದರೆ ಸರಿಯಾಗಿ ಕೂತಿತು.

ವೇಗದ ಪದಗಳನ್ನು ಬೇಗ ದಾಟಿಬಿಡೋಣ. ಲಗೂನ, ಗಡಾನ, ದೌಡ, ಇವು ಬೇಗ ಅನ್ನುವುದಕ್ಕಷ್ಟೇ. ಯೋಚನೆ ಇತ್ತೋ ಇಲ್ಲವೋ ಅವಕ್ಕೆ ಬೇಕಿಲ್ಲ. ಅದಕ್ಕೇ ಆಜ್ಞೆಗೆ ಹೊಂದುತ್ತವೆ, ‘ಲಗೂನ ಬಾ’. ‘ಹಠಾತ್ತನೆ ಬಾ’ ಅಂತ ಯಾರೂ ಕರೆಯುವುದಿಲ್ಲ. ಕರೆದವನಿಗೇ ನಿನ್ನ ಬರವು ಅನಿರೀಕ್ಷಿತ ಆಗುವುದು ಹೇಗೆ? ಆದರೆ ನಿಷೇಧಕ್ಕೆ ಬರುತ್ತದೆ, ‘ಹಠಾತ್ತನೆ ಬ್ರೇಕ್ ಹಾಕಬೇಡ.’ ಯಾಕೆಂದರೆ ಹಿಂದೆ ಒಬ್ಬ ಗಾಡಿ ಓಡಿಸಿಕೊಂಡು ಬರುತ್ತಿದ್ದಾನೆ, ಹಠಾತ್ತು ಅವನಿಗೆ.

ಅಂದಾದುಂದಿ, ಬೇಕಾಬಿಟ್ಟಿ, ಯದ್ವಾತದ್ವಾ, ಇವುಗಳಲ್ಲಿ ಇಲ್ಲದಿರುವುದು ಅಳತೆ. ಅಂದಾದುಂದಿ ಹಿಂದಿಯ ‘ಅಂಧಾಧುಂಧ್’, ಕುರುಡು ಮತ್ತು ಮಬ್ಬು ಸೇರಿದ್ದು. ಯದ್ವಾತದ್ವಾ ಶುದ್ಧ ಸಂಸ್ಕೃತ, ‘ಯದ್ ವಾ ತದ್ ವಾ’, ಅದೋ ಇದೋ ಏನೋ ಒಂದು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗೆ ಯೂರಿಯಾ ಬೇಕಾಬಿಟ್ಟಿ ಸುರಿಯುವುದು ಯೋಜನೆ ಇಲ್ಲದ ಕೆಲಸವೇನಲ್ಲ, ಗೊಬ್ಬರ ಮೊದಲೇ ತಂದಿಟ್ಟುಕೊಂಡೇ ಸುರಿಯುತ್ತಾರೆ. ಮಿತಿ ಮಾತ್ರ ಇಲ್ಲ. ಹಾಗೆಯೇ ‘ಸುಮ್ಮನೆ’. ‘ಸುಮ್ನ ಬಂದೀನ್ರಿ’ ಅಂದರೆ ಕೆಲಸವಿಟ್ಟುಕೊಂಡು ಬಂದಿಲ್ಲ ಅಂತ. ಬರಬೇಕು ಅಂತ ವಾರದಿಂದ ಅಂದುಕೊಂಡೇ ಬಂದಿರಬಹುದು.

ಅಕಸ್ಮಾತ್‌ಗೆ ಇನ್ನೊಂದು ಮುಖ ಇರುವುದನ್ನು ಮರೆತೆ. ‘ರೆ’ ಜೊತೆಗೆ ಬಂದರೆ ಅದು ಸುಮ್ಮನೆ ‘ಒಂದು ವೇಳೆ’. ‘ಅಕಸ್ಮಾತ್ ಮಳೆ ಬಂದರೆ ಸಭೆ ಒಳಗೆ.’ ಇಲ್ಲಿ ಯೋಜನೆ ಇಲ್ಲದಿರುವುದಿರಲಿ, ಯೋಜನೆಯ ಹೊರತು ಬೇರೇನೂ ಇಲ್ಲ.

ಇಷ್ಟೆಲ್ಲ ಕೂದಲು ಸೀಳುವುದು ಯಾಕೆ ಅಂತ ಅನ್ನಿಸಿದರೆ ಕಾನೂನು ಪುಸ್ತಕ ತೆರೆಯಿರಿ. 1860ರ ದಂಡ ಸಂಹಿತೆಯ 300ನೇ ಕಲಮಿನ ನಾಲ್ಕನೇ ಅಪವಾದ, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನಲ್ಲಿದೆ. ಒಂದು ಸಾವು ಯಾವಾಗ ‘ಕೊಲೆ’ ಎನಿಸುವುದಿಲ್ಲ ಅಂತ ಅದು ಹೇಳುತ್ತದೆ. ಪೂರ್ವಾಲೋಚನೆ ಇರಬಾರದು ಅನ್ನುವುದು ಒಂದು. ಜಗಳ ಹಠಾತ್ತನೆ ಹುಟ್ಟಿ, ಹೊಡೆದಾಟ ಹಠಾತ್ತನೆ ನಡೆದು, ಆವೇಶದ ಭರದಲ್ಲಿ ಆಗಿರಬೇಕು ಅನ್ನುವುದು ಮತ್ತೊಂದು. ಆರೋಪಿ ಅನುಚಿತ ಲಾಭ ಪಡೆದಿರಬಾರದು, ಕ್ರೂರವಾಗಿ ಅಥವಾ ಅಸಾಧಾರಣ ರೀತಿಯಲ್ಲಿ ನಡೆದುಕೊಂಡಿರಬಾರದು ಅಂತ ಇನ್ನೂ ಇದೆ. ನೋಡಿ, ‘ಹಠಾತ್’ ಅಂದರೆ ಸಾಲದು ಅಂತ ಕಾನೂನು ಬರೆದವರಿಗೆ ಗೊತ್ತಿತ್ತು, ‘ಪೂರ್ವಾಲೋಚನೆ ಇಲ್ಲದೆ’ ಎಂಬುದನ್ನು ಬೇರೆಯಾಗಿ ಇಟ್ಟರು. ತಿಂಗಳಿಂದ ಮಚ್ಚು ಮಸೆದವನೂ ಹಠಾತ್ತನೆ ಎರಗಬಲ್ಲ. ಕೋರ್ಟ್ ವರದಿಯಲ್ಲಿ ಇವೆರಡನ್ನೂ ಒಂದೇ ‘ಹಠಾತ್ತನೆ’ಯಲ್ಲಿ ಸುತ್ತಿದರೆ ವಾದದ ತಿರುಳೇ ಬಿದ್ದುಹೋಗುತ್ತದೆ.

ಕೊನೆಗೆ ಒಂದು ವಾಕ್ಯ ಕೂತು ತಿದ್ದೋಣ. ‘ಟ್ರ್ಯಾಕ್ಟರ್ ಚಾಲಕ ಅಕಸ್ಮಾತ್ತಾಗಿ ಹಠಾತ್ತನೆ ಬ್ರೇಕ್ ಹಾಕಿದ ಪರಿಣಾಮ ಹಿಂದೆ ಬರುತ್ತಿದ್ದ ಲಾರಿ ಏಕಾಏಕಿ ಡಿಕ್ಕಿ ಹೊಡೆದಿದೆ.’ ಹೊಸಪೇಟೆ ರಸ್ತೆಯ ಅಪಘಾತದ ಸುದ್ದಿ ಅಂದುಕೊಳ್ಳಿ. ಒಂದೇ ವಾಕ್ಯದಲ್ಲಿ ಮೂರು. ಮೊದಲು ‘ಅಕಸ್ಮಾತ್ತಾಗಿ’ ತೆಗೆಯಿರಿ. ಬ್ರೇಕಿಗೆ ಕಾಲು ಒತ್ತಿದ್ದು ಚಾಲಕ, ಎಮ್ಮೆಯೋ ಗುಂಡಿಯೋ ಕಾರಣ ಇದ್ದೇ ಇರುತ್ತದೆ. ಆಮೇಲೆ ‘ಏಕಾಏಕಿ’ ತೆಗೆಯಿರಿ. ಲಾರಿ ನೋಟಿಸು ಕೊಟ್ಟು ಡಿಕ್ಕಿ ಹೊಡೆಯಬೇಕಿತ್ತೇ? ಉಳಿದದ್ದು, ‘ಮುಂದಿದ್ದ ಟ್ರ್ಯಾಕ್ಟರ್ ಚಾಲಕ ಹಠಾತ್ತನೆ ಬ್ರೇಕ್ ಹಾಕಿದ್ದರಿಂದ ಹಿಂದಿನ ಲಾರಿ ಡಿಕ್ಕಿ ಹೊಡೆಯಿತು.’ ವ್ಯಾಕರಣಕ್ಕೆ ಸರಿ, ಅರ್ಥಕ್ಕೂ ಸರಿ. ಈಗ ಆ ಉಳಿದ ಒಂದನ್ನೂ ಕೇಳಿ, ಯಾರಿಗೆ ಹಠಾತ್ತು? ಲಾರಿ ಚಾಲಕನಿಗೆ. ಹಾಗಿದ್ದರೆ ಆ ಪದ ಅವನದು, ನಿಮ್ಮದಲ್ಲ. ‘ಮುಂದಿದ್ದ ಟ್ರ್ಯಾಕ್ಟರ್ ಹಠಾತ್ತನೆ ಬ್ರೇಕ್ ಹಾಕಿತು ಎಂದು ಲಾರಿ ಚಾಲಕ ಹೇಳಿದ್ದಾನೆ’ ಅಂತ ಬರೆಯಿರಿ, ಟ್ರ್ಯಾಕ್ಟರಿನವನು ಆಸ್ಪತ್ರೆಯಲ್ಲಿದ್ದರೆ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.